ಅಪ್ಪನ 6174

ಈ ಸಂಚಿಕೆಗೂ ಆರೋಗ್ಯದ ಬಗ್ಗೆ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದರು. ಕೊಲೆಸ್ಟ್ರಾಲ್ ಬಗ್ಗೆ ಬರೆದು ಬರೆದು ನಮಗೇ ಬೇಸರ ಬಂದಿದೆ. ಈ ಸಲ ಒಂದು ಸಂಖ್ಯೆಯ ವಿಷಯ ಬರೆಯುತ್ತೇವೆ. ಆರೋಗ್ಯವೂ ಕೊನೆಗೆ ಬಂದೇ ಬರುತ್ತದೆ.

1994ರಲ್ಲಿ ನಾವಿಬ್ಬರೂ ರೆಸಿಡೆನ್ಸಿಗೆಂದು ಅಮೆರಿಕಕ್ಕೆ ಹೊರಟಾಗ, ಬೊಂಬಾಯಿ ವಿಮಾನ ನಿಲ್ದಾಣದ ಹೊರಗೆ ಅಮ್ಮ ಅಳುತ್ತಿದ್ದರೆ ಅಪ್ಪ ಒಂದು ಲಕೋಟೆಯ ಹಿಂದೆ ಲೆಕ್ಕ ಮಾಡುತ್ತಿದ್ದರು. ಅವರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. 1994ರ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದರೆ 9941, ತಿರುಗಿಸಿದರೆ 1499. ಕಳೆದರೆ 8442. ಅದಕ್ಕೂ ಹಾಗೇ ಮಾಡಿದರೆ 5994, ಆಮೇಲೆ 5355, 1998, 8082, 8532, ಕಡೆಗೆ 6174. ಅಲ್ಲಿಂದ ಮುಂದೆ ಹೋಗುವುದಿಲ್ಲ, ಏಕೆಂದರೆ 7641ರಲ್ಲಿ 1467 ಕಳೆದರೆ ಮತ್ತೆ 6174. "ಏಳು ಸಲ ಹಿಡೀತು ಕಣೋ, ಅದಕ್ಕಿಂತ ಜಾಸ್ತಿ ಯಾವುದೂ ಹಿಡಿಯಲ್ಲ" ಎಂದು ಲಕೋಟೆಯನ್ನು ನಮ್ಮ ಕೈಗೆ ಕೊಟ್ಟರು.

ಇದನ್ನು ಕಂಡುಹಿಡಿದವರು ನಾಸಿಕದ ಹತ್ತಿರದ ದೇವಳಾಲಿಯಲ್ಲಿ ಶಾಲಾ ಮಾಸ್ತರರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್. 1949ರಲ್ಲಿ ಮದರಾಸಿನ ಗಣಿತ ಸಮ್ಮೇಳನದಲ್ಲಿ ತಿಳಿಸಿದರು. ಮಾರ್ಟಿನ್ ಗಾರ್ಡನರ್ 1975ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬರೆದ ಮೇಲೆ ಹೊರದೇಶದವರಿಗೂ ಅವರ ಹೆಸರು ಗೊತ್ತಾಯಿತು. ಸ್ನಾತಕೋತ್ತರ ಪದವಿ ಇಲ್ಲದ ಮೇಷ್ಟ್ರೊಬ್ಬರ ಹೆಸರಿನಲ್ಲಿ ಒಂದು ಸಂಖ್ಯೆಯಿದೆ ಎಂಬುದು ಅಪ್ಪನಿಗೆ ಸ್ವಂತ ಹೆಮ್ಮೆಯಾಗಿತ್ತು.

ಯಾವ ನಾಲ್ಕಂಕಿಯಾದರೂ ಆದೀತು, 3333ರಂತೆ ಎಲ್ಲ ಒಂದೇ ಆಗಿರಬಾರದು ಅಷ್ಟೆ. ಸೊನ್ನೆಯನ್ನು ಮಾತ್ರ ಬಿಡಕೂಡದು. ನಮ್ಮ ಮಗಳು ಚಿಕ್ಕವಳಿದ್ದಾಗ 2111 ತೆಗೆದುಕೊಂಡು, 0999 ಬಂದಾಗ ಸೊನ್ನೆ ಬಿಟ್ಟು, "ತಾತ ಹೇಳಿದ್ದು ಸುಳ್ಳು" ಎಂದು ಫೋನಿನಲ್ಲೇ ಜಗಳಕ್ಕೆ ನಿಂತಿದ್ದಳು. ಮೂರಂಕಿಗೆ 495 ಇದೆ. ಎರಡಂಕಿಗೆ ನೆಲೆಯೇ ಇಲ್ಲ, ಸುತ್ತುತ್ತಲೇ ಇರುತ್ತದೆ.

2019ರಲ್ಲಿ ಊರಿಗೆ ಹೋದಾಗ ಅಪ್ಪ ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. ಫೋನಿನಲ್ಲಿ ಎರಡು ವರ್ಷದಿಂದ ಹಾಗೇ ಕೇಳುತ್ತಿದ್ದರು. ವಯಸ್ಸಾಯಿತಲ್ಲ ಎಂದು ನಾವು ಸುಮ್ಮನಿದ್ದೆವು. ದಿನವೂ ಇಂಥ ರೋಗಿಗಳನ್ನು ನೋಡುವ ಇಬ್ಬರು ಡಾಕ್ಟರುಗಳು! ನೂರರಿಂದ ಏಳೇಳು ಕಳೆಯುತ್ತ ಹೋಗಿ ಎಂದೆವು. 93, 86 ಎಂದವರು ನಿಂತು, "ನಾನೇನು ನಿಮ್ಮ ಪೇಷೆಂಟೇ?" ಎಂದು ರೇಗಿದರು.

ಮಾರನೆಯ ದಿನ ಕಾಫಿ ಕುಡಿಯುವಾಗ ಒಂದು ಹಾಳೆಯ ಮೇಲೆ ಅವರು ಹುಟ್ಟಿದ ವರ್ಷ 1938 ಎಂದು ಬರೆದು ಮುಂದಿಟ್ಟೆವು. ತಾವಾಗಿಯೇ ಪೆನ್ನು ತೆಗೆದುಕೊಂಡರು. 9831ರಲ್ಲಿ 1389 ಕಳೆದು 8442 ಬರೆದರು. ಲಕೋಟೆಯ ಮೇಲಿದ್ದ ಅದೇ ಸಂಖ್ಯೆ! ಯೋಚಿಸಿದರೆ ಸೋಜಿಗವಲ್ಲ. ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ಇರುವ ವ್ಯತ್ಯಾಸದ 999ರಷ್ಟು, ನಡುವಿನ ಎರಡರ ವ್ಯತ್ಯಾಸದ 90ರಷ್ಟು, ಎರಡನ್ನೂ ಕೂಡಿದ್ದೇ ಉತ್ತರ. ಎರಡು ವರ್ಷಗಳಲ್ಲೂ ಆ ವ್ಯತ್ಯಾಸಗಳು 8 ಮತ್ತು 5. ಹೀಗೆ 9990 ಸಂಖ್ಯೆಗಳು ಮೊದಲ ಹೆಜ್ಜೆಯಲ್ಲೇ 54ಕ್ಕೆ ಇಳಿಯುತ್ತವೆ. ಆ ಹೊತ್ತಿನಲ್ಲಿ ಇದೆಲ್ಲ ಹೊಳೆಯಲಿಲ್ಲ, ಅವರ ಕೈಯನ್ನೇ ನೋಡುತ್ತಿದ್ದೆವು.

5994 ಬಂತು. 5355 ಬಂತು. ಅಲ್ಲಿ ಬಹಳ ಹೊತ್ತು ನಿಂತರು. ಆಮೇಲೆ ಪೆನ್ನು ಕೆಳಗಿಟ್ಟು, "ಎಲ್ಲಿಗೆ ಹೋಗತ್ತೆ ಅಂತ ಗೊತ್ತಲ್ಲ, ಬಿಡೋ" ಎಂದು ನಕ್ಕರು.

ಅಪ್ಪ 2022ರಲ್ಲಿ ತೀರಿಕೊಂಡರು. ಊರಿಗೆ ಫೋನು ಮಾಡಿದಾಗ ಒಂದೇ ಮಾತು ಮತ್ತೆ ಮತ್ತೆ ಕೇಳಿಬಂದರೆ, ನಮ್ಮ ಹಾಗೆ ಎರಡು ವರ್ಷ ಕಾಯಬೇಡಿ, ಅಲ್ಲಿನ ಡಾಕ್ಟರಿಗೆ ತೋರಿಸಿ. ಯುಗಾದಿ ಊಟದ ದಿನ ಮಕ್ಕಳಿಗಾಗಿ ಒಂದು ಮೇಜು ಹಾಕಿ ಕೂತಿರುತ್ತೇವೆ. ಪೆನ್ಸಿಲ್ ತನ್ನಿ, ಹಾಳೆ ನಮ್ಮಲ್ಲಿದೆ.