ಒಕ್ಕಣ್ಣ ಕಾರು

ನನ್ನ 1969ರ ಕಾರ್ವೆಟ್ ಮೂರು ವಾರದಿಂದ ಒಕ್ಕಣ್ಣ. ಬಲಗಡೆ ಹೆಡ್‌ಲೈಟ್ ಟಪ್ ಅಂತ ಏಳುತ್ತೆ, ಎಡಗಡೆಯದು ಅರ್ಧಕ್ಕೇ ನಿಲ್ಲುತ್ತೆ. ವೈಪರ್ ಮೇಲಿನ ಮುಚ್ಚಳವೂ ಸೋಮಾರಿ. ಇವನ್ನು ಎತ್ತೋದು ಮೋಟಾರಲ್ಲ, ಎಂಜಿನ್ ಹುಟ್ಟಿಸುವ ನಿರ್ವಾತ. (1973ರ ಮಾಡೆಲ್‌ನಲ್ಲಿ ಆ ಮುಚ್ಚಳವನ್ನೇ ತೆಗೆದುಹಾಕಿದರು, ಪುಣ್ಯಾತ್ಮರು!)

ಒಹಾಯೋದ ಗ್ಯಾರೇಜಿನಿಂದ ಹಾಸನಕ್ಕೆ ವಿಡಿಯೋ ಕಾಲ್. ಹೋದ ತಿಂಗಳಷ್ಟೇ ಸೈಕಲ್ ಶಾಪ್ ಮುಚ್ಚಿದ ಅಪ್ಪ, “ಪೈಪ್ ನೀರಲ್ಲಿ ಅದ್ದಿ ನೋಡೋ” ಅಂದರು.

“ಗುಳ್ಳೆ ಬರಲ್ಲಪ್ಪ. ಇದು ಗಾಳಿನ ಒಳಗೆಳ್ಕೊಳ್ಳುತ್ತೆ.”

ಅಪ್ಪನ ಮುಖ ಸಣ್ಣದಾಯಿತು. ಹೇಳಬಾರದಿತ್ತು ಅನ್ನಿಸಿತು.

ಸ್ವಲ್ಪ ಹೊತ್ತು ಬಿಟ್ಟು, “ಹಂಗಾದ್ರೆ ಎಂಜಿನ್ ಆಫ್ ಮಾಡಿ ಕಿವಿಗೊಡು” ಅಂದರು.

ಟ್ಯಾಂಕಿನಲ್ಲಿ ನಿರ್ವಾತ ಇನ್ನೂ ಉಳಿದಿತ್ತು. ಎಡಗಡೆ ಸಣ್ಣಗೆ ‘ಸ್ಸ್‌...’. ರಬ್ಬರ್ ಪೈಪಿನ ತುದಿ ಸೀಳಿತ್ತು. ಅರ್ಧ ಇಂಚು ಕತ್ತರಿಸಿ ಮತ್ತೆ ತುರುಕಿದೆ.

ಎರಡೂ ಕಣ್ಣು ಒಟ್ಟಿಗೆ ತೆರೆದವು.

“ಇನ್ನೊಂದ್ಸಲ ತೋರ್ಸು” ಅಂದರು ಅಪ್ಪ. ಆಮೇಲೆ ಇನ್ನೂ ಒಂದ್ಸಲ.