ಬೇಕಾದಾಗ ಸಿಗಬೇಕು

ಶಿವಾಜಿನಗರದಲ್ಲಿ ಅಬ್ಬಾನದು ಗುಂಡಿ, ದಾರ ಮಾರುವ ಪುಟ್ಟ ಅಂಗಡಿ. ಮನೆಮಾತು ಉರ್ದುವಾದರೂ ಕೋಲಾರದ ಕನ್ನಡ ಶಾಲೆಯಲ್ಲಿ ಕಲಿತ ಅವರು ಲೆಕ್ಕ ಬರೆಯುತ್ತಿದ್ದುದು ಕನ್ನಡದಲ್ಲೇ. ಕೊಟ್ಟದ್ದು, ಬರಬೇಕಾದದ್ದು, ಯಾರೋ ನಂಬಿ ಇಟ್ಟು ಹೋದದ್ದು ಎಲ್ಲವೂ ಜೇಬಿನ ಪುಸ್ತಕದಲ್ಲಿರುತ್ತಿತ್ತು.

2003ರಲ್ಲಿ ನಾವು ಮಕ್ಕಳು ಎಸ್.ಪಿ. ರಸ್ತೆಯಿಂದ ಕಂಪ್ಯೂಟರ್ ತಂದೆವು. ಟಿಪ್ಪಣಿ ಕೂಡಿಡುವ ತಂತ್ರಾಂಶವೊಂದರಲ್ಲಿ ಆ ಪುಸ್ತಕಗಳನ್ನೆಲ್ಲ ಟೈಪ್ ಮಾಡಿ, ಕಾಗದವನ್ನು ರದ್ದಿಗೆ ಹಾಕಿದೆವು. ಅಬ್ಬಾ ಕೇಳಿದ್ದು ಒಂದೇ ಮಾತು: "ಬೇಕಾದಾಗ ಸಿಗುತ್ತದೇನ್ರೋ?" ನಾವು ನಕ್ಕೆವು.

ಅಬ್ಬಾ ತೀರಿಕೊಂಡ ಮೇಲೆ ಆ ಪ್ರಶ್ನೆ ನಮ್ಮ ಮುಂದೆ ಬಂದು ನಿಂತಿತು. ಆಸ್ತಿ ಹಂಚುವ ಮುನ್ನ ಸಾಲ ತೀರಬೇಕು, ಅಮಾನತು ಒಡೆಯರ ಕೈ ಸೇರಬೇಕು. ಕುರ್‌ಆನಿನ ಅತಿ ದೀರ್ಘ ಸೂಕ್ತವೇ ಸಾಲವನ್ನು ಬರೆದಿಡುವ ಕುರಿತದ್ದು. ಅಬ್ಬಾ ಬರೆದಿಟ್ಟಿದ್ದರು, ಕಳೆದವರು ನಾವು.

ಹೊಸ ಕಂಪ್ಯೂಟರಿನಲ್ಲಿ ಆ ಟಿಪ್ಪಣಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಹಳೆಯ ಫಾಂಟ್ ಹಾಕಿದಾಗ ಕನ್ನಡ ಕಾಣಿಸಿತು. ಆದರೆ 'ಅಮಾನತು' ಎಂದು ಹುಡುಕಿದರೆ ಒಂದೂ ಇಲ್ಲವೆಂಬ ಉತ್ತರ. ಕಾರಣ ಸರಳ. ಆ ಕಾಲದ ಫಾಂಟುಗಳಲ್ಲಿ ಕನ್ನಡವಿದ್ದದ್ದು ಕಣ್ಣಿಗೆ ಮಾತ್ರ; ಒಳಗೆ ರೋಮನ್ ಸಂಕೇತಗಳು. ಯೂನಿಕೋಡಿನಲ್ಲಿ 1991ರಲ್ಲೇ ಕನ್ನಡಕ್ಕೆ ಸ್ವಂತ ಸ್ಥಾನ ಸಿಕ್ಕಿತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡವೂ ಇತ್ತು. ಆದರೂ ನಮ್ಮಂಥವರು ರೂಢಿಯ ಫಾಂಟನ್ನು ಬಿಡಲಿಲ್ಲ.

ಕೊನೆಗೆ ಅಣ್ಣ-ತಂಗಿಯರು ಮೂರು ರಾತ್ರಿ ಕುಳಿತು ಪ್ರತಿ ಟಿಪ್ಪಣಿಯನ್ನೂ ಕಣ್ಣಿನಿಂದಲೇ ಓದಿದೆವು. ಮೂರನೆಯ ರಾತ್ರಿ ಸಿಕ್ಕಿತು: ಹಲಸೂರಿನ ದರ್ಜಿಯ ಹೆಂಡತಿ, ಮಗಳ ಮದುವೆಗೆಂದು ಇಟ್ಟ ಐದು ಸಾವಿರ. ಹಲಸೂರಿಗೆ ಹೋದರೆ ಅವರು ಮನೆ ಬದಲಿಸಿ ವರ್ಷಗಳಾಗಿದ್ದವು. ವಿಚಾರಿಸುತ್ತ ಕೆ.ಆರ್. ಪುರ ತಲುಪಿದೆವು. ಆ ತಾಯಿ ಹಣ ಎಣಿಸಲಿಲ್ಲ. "ನಿಮ್ಮ ಅಬ್ಬಾ ಬರೆದುಕೊಂಡಿದ್ದರಲ್ಲ, ಅದಕ್ಕೇ ನಾನು ಕೇಳಲಿಲ್ಲ" ಎಂದರು.

ಪರಿವರ್ತಕ ಬಳಸಿ ಹಳೆಯ ಬರಹವನ್ನು ಯೂನಿಕೋಡಿಗೆ ತರಬಹುದೆಂದು ನಮಗೆ ತಿಳಿದದ್ದು ಆಮೇಲೆ. ಮನುಷ್ಯನ ನೆನಪನ್ನೆಲ್ಲ ಮೇಜಿನಷ್ಟು ದೊಡ್ಡ ಯಂತ್ರದಲ್ಲಿ ಕೂಡಿಡುವ ಕನಸನ್ನು ಅಮೆರಿಕದ ವನ್ನೆವರ್ ಬುಷ್ 1945ರಲ್ಲೇ ಬರೆದಿದ್ದರು. ಆದರೆ ತಂತ್ರಾಂಶಗಳಿಗೂ ಆಯುಷ್ಯವುಂಟು. ಕಂಪ್ಯೂಟರಿನೊಳಗಿನ ಕಡತಗಳನ್ನು ಹುಡುಕಲು 2004ರಲ್ಲಿ ಬಂದ ಗೂಗಲ್ ಡೆಸ್ಕ್‌ಟಾಪ್ 2011ರಲ್ಲಿ ನಿಂತುಹೋಯಿತು.

ಈಗ ನಾವು ಸಾದಾ ಪಠ್ಯದಲ್ಲಿ, ಯೂನಿಕೋಡ್ ಕನ್ನಡದಲ್ಲಿ ಬರೆದಿಡುತ್ತೇವೆ. ಕೊಡಬೇಕಾದ ಲೆಕ್ಕವನ್ನು ಮಾತ್ರ ಕಾಗದದ ಮೇಲೂ ಬರೆಯುತ್ತೇವೆ. ಅದನ್ನು ಹುಡುಕಬೇಕಾದವರು ನಮ್ಮ ಮಕ್ಕಳು.