ಕಾರ್ಡಿನ ಕಮಲ

ಕಾವ್ಯವು ಕಿವಿಯ ದಾರಿಯಿಂದ ಹೃದಯವನ್ನು ಸೇರತಕ್ಕುದೆಂದು ಹಿರಿಯರು ಬಗೆದಿದ್ದರು. ಆದರೆ ಕಣ್ಣಿಗೆ ಕಾಣಿಸಿಕೊಂಡ ಮೇಲೆಯೇ ತನ್ನ ಮರ್ಮವನ್ನು ಬಿಟ್ಟುಕೊಡುವ ಕಾವ್ಯವೂ ಒಂದುಂಟು. ಅದಕ್ಕೆ ಚಿತ್ರಕವಿತ್ವವೆಂದು ಹೆಸರು. ಭಾರವಿ, ಮಾಘರಂಥ ಮಹಾಕವಿಗಳು ಒಂದೊಂದು ಸರ್ಗವನ್ನೇ ಇದಕ್ಕೆ ಮೀಸಲಿಟ್ಟರು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೂ ಶಬ್ದಾಲಂಕಾರಗಳ ಪ್ರಸಂಗದಲ್ಲಿ ಇದನ್ನು ವಿಚಾರಿಸಿತು. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ಮಾತ್ರ, ಇದು ಕಾವ್ಯವಲ್ಲ, ಕಾವ್ಯದ ಅನುಕರಣವೆಂದು ಕೆಳಗಿನ ಮಣೆ ಹಾಕಿದನು.

ಆ ಕೆಳಗಿನ ಮಣೆಯೇ ಸಾಕೆಂದು ಕುಳಿತವರು ಇಬ್ಬರು ಮಿತ್ರರು. ಒಬ್ಬರು ದಾವಣಗೆರೆಯ ಹತ್ತಿಯ ಗಿರಣಿಯೊಂದರಲ್ಲಿ ಗುಮಾಸ್ತರಾಗಿದ್ದವರು. ಮತ್ತೊಬ್ಬರು ಹರಿಹರದಲ್ಲಿ ಕನ್ನಡ ಮೇಷ್ಟರಾಗಿದ್ದವರು. ಎರಡೂರುಗಳ ನಡುವೆ ಸುಮಾರು 14 ಕಿಲೋಮೀಟರುಗಳ ದಾರಿ. ಬಸ್ಸು ಹತ್ತಿದರೆ ಮುಖದರ್ಶನವೇ ಆಗುತ್ತಿತ್ತು. ಆದರೂ ಅವರು ಅಂಚೆಯ ಕಾರ್ಡನ್ನೇ ನೆಚ್ಚಿದರು. ಎದುರಿಗೆ ಕುಳಿತರೆ ಒಗಟು ಹೇಳಿದವನೇ ಉತ್ತರವನ್ನೂ ಹೇಳಿಬಿಡುತ್ತಾನೆ. ಬಂಧವನ್ನು ಬಿಡಿಸುವುದಕ್ಕೆ ಏಕಾಂತ ಬೇಕೆಂಬುದು ಮೇಷ್ಟರ ವಾದ. 1879ರಲ್ಲಿ ಕಾಲಾಣೆಯ ಬೆಲೆಗೆ ಈ ದೇಶಕ್ಕೆ ಬಂದ ಕಾರ್ಡಿನ ಅಂಗೈಯಗಲದ ಜಾಗವು ಒಂದು ಬಂಧಕ್ಕೆ ಅಳೆದು ಮಾಡಿದಂತಿತ್ತು.

ಮೊದಮೊದಲು ಗೋಮೂತ್ರಿಕೆಗಳು ಹೋಗಿಬಂದುವು. ನಡೆಯುವ ಎತ್ತು ಧೂಳಿನ ದಾರಿಯ ಮೇಲೆ ಎಳೆದ ಡೊಂಕುಗೆರೆಯಂತೆ ಓದಬೇಕಾದುದರಿಂದ ಅದಕ್ಕೆ ಆ ಹೆಸರು. 'ಮಳೆಹನಿ' ಎಂದು ಬರೆದು ಅದರ ಕೆಳಗೆ 'ಬೆಳೆದನಿ' ಎಂದು ಬರೆದರೆ, ಎರಡನೆಯ ಮತ್ತು ನಾಲ್ಕನೆಯ ಅಕ್ಷರಗಳು ಎರಡರಲ್ಲಿಯೂ ಒಂದೇ. ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಹಾಯುತ್ತ ಓದಿದರೂ ಮಾತು ಕೆಡುವುದಿಲ್ಲ. ಆ ಬಳಿಕ ಪದ್ಮಬಂಧವು ಬಂದಿತು. ಎಂಟು ದಳದ ಕಮಲ, ನಡುವೆ ಒಂದೇ ಅಕ್ಷರ. ಪ್ರತಿಯೊಂದು ದಳದ ಓದೂ ಅಲ್ಲಿಂದ ಹೊರಟು ಅಲ್ಲಿಗೇ ಮರಳತಕ್ಕುದು. ಒಮ್ಮೆ ಮುದ್ರೆಯ ಮಸಿ ಹರಡಿ ಆ ನಡುವಣ ಅಕ್ಷರವೇ ಅಳಿಸಿಹೋಗಿತ್ತು. ಎಂಟು ದಳಗಳೂ ಸಾಕ್ಷಿ ನುಡಿದುದರಿಂದ ಅದು ಯಾವುದೆಂದು ತಿಳಿಯಲು ಮೇಷ್ಟರಿಗೆ ಕಷ್ಟವಾಗಲಿಲ್ಲ.

ಇಂಥ ವಿನೋದವು ಲೋಕಕ್ಕೆ ಹೊಸದಲ್ಲ. ಫ್ರಾನ್ಸಿನ ಕವಿ ಅಪೊಲಿನೇರನು ಮೊದಲನೆಯ ಮಹಾಯುದ್ಧದ ರಣರಂಗದಿಂದ ಚಿತ್ರಾಕೃತಿಯ ಕವಿತೆಗಳನ್ನು ಅಂಚೆಯಲ್ಲಿ ಕಳುಹಿಸಿದ್ದನು. ಅಮೆರಿಕದ ರೇ ಜಾನ್ಸನ್ ಎಂಬ ಕಲಾವಿದನು 1950ರ ದಶಕದಿಂದ ತನ್ನ ಕೃತಿಗಳನ್ನು ಅಂಚೆಗೆ ಹಾಕಿ, ಪಡೆದವರು ತಮ್ಮದೇನನ್ನಾದರೂ ಸೇರಿಸಿ ಕಳುಹಿಸಲೆಂದು ಬೇಡುತ್ತಿದ್ದನು. ಹರಿಹರದ ಮೇಷ್ಟರಿಗೆ ಅಷ್ಟು ದೂರದ ಪ್ರಮಾಣ ಬೇಕಿರಲಿಲ್ಲ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಗುಡಿಯಲ್ಲಿ ಒಂದೇ ವಿಗ್ರಹವು ಒಂದು ಪಾರ್ಶ್ವದಿಂದ ಹರನಾಗಿ, ಇನ್ನೊಂದರಿಂದ ಹರಿಯಾಗಿ ನಿಂತಿದೆ. ಆ ಊರಿನವನಿಗೆ ಎರಡು ಓದುಗಳ ಆಕೃತಿ ಹೊಸದೇನು ಎಂದು ಅವರು ನಗುತ್ತಿದ್ದರು.

ಹೀಗಿರುವಲ್ಲಿ ಮೇಷ್ಟರ ದೃಷ್ಟಿ ಮಂದವಾಗತೊಡಗಿತು. ಸಂಗತಿಯನ್ನು ಕೇಳಿದ ಗುಮಾಸ್ತರು ಬಹಳ ನೊಂದುಕೊಂಡರು. ಕಣ್ಣು ಕಳೆದುಕೊಳ್ಳುತ್ತಿರುವವರಿಗೆ ಕಣ್ಣಿನ ಕಾವ್ಯವನ್ನು ಕಳುಹಿಸುವುದು ಕ್ರೌರ್ಯವೆಂದು ತೋರಿ, ಬಂಧವನ್ನು ಕೈಬಿಟ್ಟು, ಮಳೆ, ಬೆಲೆ, ಮೊಮ್ಮಕ್ಕಳ ಸಮಾಚಾರಗಳನ್ನು ಬರೆಯಲಾರಂಭಿಸಿದರು. ಎರಡು ತಿಂಗಳು ಹೀಗೆ ನಡೆಯಿತು. ಬಳಿಕ ಹರಿಹರದಿಂದ ಸೊಟ್ಟ ಅಕ್ಷರದ ಒಂದು ಕಾರ್ಡು ಬಂದಿತು: "ಕ್ಷೇಮಸಮಾಚಾರವನ್ನು ಯಾರಾದರೂ ಬರೆದಾರು. ತಾವೂ ನನ್ನನ್ನು ರೋಗಿಯೆಂದೇ ಎಣಿಸಿದಿರಾ?"

ಗುಮಾಸ್ತರು ನಾಚಿ ಮತ್ತೆ ಕಮಲವನ್ನು ಬರೆದರು. ಮೇಷ್ಟರ ಸೊಸೆ ಅದನ್ನು ಗಟ್ಟಿಯಾಗಿ ಓದಿದಳು. ಸಾಲುಸಾಲಾಗಿ ಓದಿದುದರಿಂದ ಅರ್ಥವೇ ಹುಟ್ಟಲಿಲ್ಲ. ದಿನವೂ ಬಾಗಿಲ ಮುಂದೆ ಕಮಲವನ್ನು ಬಿಡಿಸುವ ಕೈ ಅವಳದು. ಕಾರ್ಡನ್ನು ಮತ್ತೊಮ್ಮೆ ನೋಡಿ, ರಂಗೋಲಿಯ ಬಟ್ಟಲನ್ನು ತಂದು, ನಡುಮನೆಯ ಕಪ್ಪು ನೆಲದ ಮೇಲೆ ಮೊಳಕ್ಕೊಂದು ದಳದಂತೆ ಎಂಟು ದಳಗಳನ್ನೆಳೆದು ಅಕ್ಷರಗಳನ್ನು ತುಂಬಿದಳು. ಮೇಷ್ಟರು ಕೋಲೂರಿ ಸುತ್ತ ನಡೆಯುತ್ತ, ಬಾಗಿ ಬಾಗಿ, ಒಂದೊಂದೇ ದಳವನ್ನು ಓದಿದರು.

ಒಂದು ದಳದಲ್ಲಿ ಲಕಾರವಿರಬೇಕಾದೆಡೆ ಳಕಾರವಿತ್ತು.

"ಲಳಗಳಿಗೆ ಭೇದವಿಲ್ಲವೆಂದು ಶಾಸ್ತ್ರವೇ ಕ್ಷಮಿಸುತ್ತದೆ, ತಾಯಿ," ಎಂದರು ಮೇಷ್ಟರು.

"ಶಾಸ್ತ್ರ ಕ್ಷಮಿಸಲಿ, ಮಾವ, ಕನ್ನಡದವರ ಕಿವಿ ಹೇಗೆ ಕ್ಷಮಿಸೀತು?" ಎಂದು ಅವಳು ಆ ಅಕ್ಷರವನ್ನು ಒರಸಿ, ಬೇರೆ ಮಾತನ್ನು ಹುಡುಕಿ ತುಂಬಿದಳು.

ತಿದ್ದುಪಡಿಯು ಅವಳ ಕೈಬರಹದಲ್ಲಿಯೇ ದಾವಣಗೆರೆಗೆ ಹೋಯಿತು. ಅರಿಯದ ಅಕ್ಷರಗಳನ್ನು ಗುಮಾಸ್ತರು ಬಹಳ ಹೊತ್ತು ನೋಡಿದರು. ಪ್ರತಿಯೊಂದು ದಳವನ್ನೂ ನಡುವಿನಿಂದ ಹೊರಡಿಸಿ ಮರಳಿಸಿ ಓದಿದರು. ತಿದ್ದಿದ ಮಾತೇ ಮೇಲಾಗಿತ್ತು. ಆ ಸಂಜೆಯೇ ಹೊಸ ಕಾರ್ಡೊಂದನ್ನು ತೆಗೆದುಕೊಂಡು, ಈ ಸಲ ಹದಿನಾರು ದಳಗಳನ್ನೆಳೆದರು. ಕ್ಷೇಮಸಮಾಚಾರಕ್ಕೆ ಅದರಲ್ಲಿ ಎಡೆಯಿರಲಿಲ್ಲ.